ಬೇಸ್ ಹುಸೇನಪ್ಪನ ಸ್ಟ್ಯಾಂಡು

ಹುಸೇನಪ್ಪ ಮಾತಾಡುವ ಮುಂಚೆ ಉಸಿರು ಎಳೆದುಕೊಳ್ಳುತ್ತಿದ್ದ. ಎಲ್ಲರೂ ಎಳೆದುಕೊಳ್ಳುತ್ತಾರೆ, ಆದರೆ ಅವನದು ಎದುರಿಗಿದ್ದವರಿಗೆ ಕಾಣುತ್ತಿತ್ತು. ಚಹಾ ಕುಡಿಯುತ್ತೀಯೇನು ಎಂದು ಕೇಳಿದರೂ ಸಾಕು, ಹೊಟ್ಟೆ ಉಬ್ಬಿ, ಎದೆ ನಿಧಾನವಾಗಿ ಮೇಲೆದ್ದು, ಒಂದು ಗಳಿಗೆ ಹಾಗೇ ನಿಂತು, ಆಮೇಲೆ "ಹೂಂ ರಿ" ಎಂಬ ಒಂದೇ ಒಂದು ಮಾತು ಹೊರಗೆ ಬರುತ್ತಿತ್ತು. ಗೊತ್ತಿಲ್ಲದವರು ಇವನು ಏನೋ ದೊಡ್ಡ ಸಂಗತಿ ಹೇಳಲಿದ್ದಾನೆ ಎಂದು ಕಾದು ಕೂತಿರುತ್ತಿದ್ದರು. ಮದುವೆ ಬ್ಯಾಂಡಿನಲ್ಲಿ ಹದಿನೈದು ವರ್ಷ ಬೇಸ್ ಊದಿದವನಿಗೆ ಹತ್ತಿದ ಅಭ್ಯಾಸ ಅದು. ಅವನ ಎದೆ ಮಾತಿಗೂ ಹಾಡಿಗೂ ಭೇದ ಮಾಡುತ್ತಿರಲಿಲ್ಲ.

ಬೇಸ್ ಎಂದರೆ ಬ್ಯಾಂಡಿನಲ್ಲಿ ಎಲ್ಲಕ್ಕಿಂತ ದೊಡ್ಡ ಹಿತ್ತಾಳೆ ಬಾಜಾ. ಸುತ್ತಿ ಸುತ್ತಿ ಬಂದ ಕೊಳವೆ, ಮೇಲೆ ಹಂಡೆಯ ಬಾಯಷ್ಟು ಅಗಲವಾದ ಬಾಯಿ. ತೂಕ ಹತ್ತು ಕಿಲೋಕ್ಕೆ ಕಡಿಮೆ ಇರಲಿಲ್ಲ. ಅದನ್ನು ಪಟ್ಟಿಯಿಂದ ಹೆಗಲಿಗೆ ಬಿಗಿದುಕೊಂಡು, ಹೊಟ್ಟೆಗೆ ಒರಗಿಸಿ, ಊರ ಅಗಸಿ ಬಾಗಿಲಿನಿಂದ ಮದುವೆ ಮನೆಯವರೆಗೆ ನಡೆಯುತ್ತ ಊದಬೇಕು. ಹಾಡು ನುಡಿಸುವುದು ಕ್ಲಾರಿನೆಟ್ಟು, ಮೆರೆಯುವುದು ಟ್ರಂಪೆಟ್ಟು. ಬೇಸ್ ಮಾತ್ರ ಹಾಡಿನ ಕೆಳಗೆ, ಹೆಜ್ಜೆಗೊಂದರಂತೆ, "ಭೋಂ ಭೋಂ" ಎನ್ನುತ್ತ ಹೋಗುತ್ತದೆ. ಮಂದಿ ಅದರ ಕಡೆ ತಿರುಗಿ ನೋಡುವುದು ಬಾಜಾದ ಗಾತ್ರಕ್ಕೆ ಹೊರತು ದನಿಗಲ್ಲ. ಹುಸೇನಪ್ಪನಿಗೆ ಅದರ ಬಗ್ಗೆ ಬೇಸರವಿರಲಿಲ್ಲ. ಅವನು ಎಲ್ಲರಿಗೂ ಹೇಳುತ್ತಿದ್ದುದು ಒಂದೇ: "ಬೇಸ್ ಇದ್ದಾಗ ಯಾರಿಗೂ ಕೇಳ್ಸಂಗಿಲ್ರಿ. ನಿಂತು ಬಿಟ್ರ ನೋಡ್ರಿ, ಹೆಣ್ಣಿನ ಕಡಿಯವರು, ಗಂಡಿನ ಕಡಿಯವರು ಎಲ್ಲಾರೂ ಒಮ್ಮಿಗೇ ತಿರುಗಿ ನೋಡ್ತಾರ."

ನಾನು ಆಗ ಶಹಾಬಾದಿನ ಸ್ಟೇಷನ್ ರಸ್ತೆಯಲ್ಲಿ ವೆಲ್ಡಿಂಗ್ ಅಂಗಡಿ ಇಟ್ಟಿದ್ದೆ. ಗೇಟು, ಕಿಟಕಿಯ ಸರಳು, ಖಣಿಯವರ ಕೈಗಾಡಿ, ಇಂಥವೇ ಕೆಲಸ. ಹುಸೇನಪ್ಪ ಮೊದಲ ಸಲ ಅಂಗಡಿಗೆ ಬಂದಾಗ ರಾಜ್ಯದ ಹೆಸರು ಕರ್ನಾಟಕ ಎಂದಾಗಿ ಹೆಚ್ಚು ದಿನವಾಗಿರಲಿಲ್ಲ. ನನ್ನ ಬೋರ್ಡಿನ ಮೇಲೆ ಇನ್ನೂ 'ಮೈಸೂರು ರಾಜ್ಯ' ಎಂದೇ ಇತ್ತು. ಅವನು ಹಳೆ ಸೀರೆಯಲ್ಲಿ ಸುತ್ತಿದ ಬಾಜಾವನ್ನು ಕೂಸಿನಂತೆ ಎತ್ತಿಕೊಂಡು ಬಂದು, ಎಲ್ಲಿ ಇಡುವುದೆಂದು ನೆಲದ ಮೇಲಿನ ಕಬ್ಬಿಣದ ಚೂರುಗಳನ್ನೆಲ್ಲ ನೋಡಿ, ಇಡದೇ ನಿಂತುಕೊಂಡ. ನಾನು ಒಡೆದಿದೆಯೇನು, ಬೆಸುಗೆ ಹಾಕಬೇಕೇನು ಎಂದು ಕೇಳಿದೆ. ಎದೆ ಮೇಲೆದ್ದಿತು, ನಿಂತಿತು.

"ಒಡದಿಲ್ರಿ. ಇದಕ್ಕ ಕುಂದ್ರಲಿಕ್ಕ ಒಂದು ಜಾಗ ಮಾಡಿ ಕೊಡ್ರಿ ಮಿಸ್ತ್ರಿ."

ಆಮೇಲೆ ವಿಷಯ ಹೇಳಿದ. ಹಿಂದಿನ ವಾರ ಚಿತ್ತಾಪುರದಲ್ಲಿ ಒಂದು ಮದುವೆ. ಅಕ್ಷತೆ ಮುಗಿದು, ಎಲ್ಲರ ಪಂಗತಿ ಎದ್ದ ಮೇಲೆ ಬ್ಯಾಂಡಿನವರನ್ನು ಹಿತ್ತಲಲ್ಲಿ ಊಟಕ್ಕೆ ಕೂರಿಸಿದ್ದರು. ಬಾಜಾವನ್ನು ಗೋಡೆಯ ಪಕ್ಕದ ನೆಲದ ಮೇಲೆ ಮಲಗಿಸಿ ಊಟ ಮಾಡಿ ಬಂದು ನೋಡಿದರೆ ಅದರ ಬಾಯಿಯ ತುಂಬ ಉಂಡೆಸೆದ ಎಲೆ, ಮೇಲೆ ಯಾರೋ ಕೈ ತೊಳೆದ ನೀರು. ಬೇಕೆಂದು ಮಾಡಿದ್ದಲ್ಲ, ಹಂಡೆಯೋ ಡ್ರಮ್ಮೋ ಎಂದು ತಿಳಿದಿದ್ದಾರು ಎಂದು ಅವನೇ ಅವರ ಪರವಾಗಿ ಹೇಳಿದ. ಅನ್ನದ ಅಗಳು ಒಳಗಿನ ಸುರುಳಿಗೆ ಹೋಗಿ, ಅದನ್ನು ತೊಳೆದು ತೆಗೆಯಲು ಎರಡು ದಿನ ಹಿಡಿಯಿತಂತೆ.

"ನನಗ ಎಲ್ಲಿ ಬೇಕಾದ್ರ ಅಲ್ಲಿ ಕುಂದ್ರಸ್ಲಿ," ಎಂದ. "ಇದು ನೆಲಕ್ಕ ಬೀಳಬಾರ್ದು."

ನಾನು ಕಾಗದದ ಮೇಲೆ ನಾಲ್ಕು ಕಾಲಿನದೊಂದು ಗೀಚಿ ತೋರಿಸಿದೆ. ಅವನು ನೋಡಿ, ಮೂರು ಸಾಕು ಎಂದ. ನಾಲ್ಕು ಕಾಲಿನದು ಸಪಾಟು ನೆಲದ ಮೇಲೆ ಮಾತ್ರ ನಿಲ್ಲುತ್ತದೆ, ತಮ್ಮನ್ನು ಕೂರಿಸುವ ಕಡೆ ನೆಲ ಎಂದೂ ಸಪಾಟಾಗಿರುವುದಿಲ್ಲ ಎಂದು ಬಹಳ ಸಹಜವಾಗಿ ಹೇಳಿದ. ಅರ್ಧ ಇಂಚಿನ ಪೈಪು ಕೊಯ್ದು, ಮೂರು ಕಾಲು ಮಾಡಿ, ಮಡಚಲು ಬರುವಂತೆ ಪಿನ್ನು ಹಾಕಿ, ಮೇಲೆ ಬಾಜಾದ ಹೊಟ್ಟೆ ಕೂರುವ ಹಾಗೆ ಸರಳಿನ ತೊಟ್ಟಿಲು ಬಗ್ಗಿಸಿದೆ. ಹಿತ್ತಾಳೆಗೆ ಕಬ್ಬಿಣ ತಾಗಬಾರದೆಂದು ಅವನು ಹಳೆ ಸೈಕಲ್ ಟ್ಯೂಬು ತಂದು ತಾನೇ ಸುತ್ತಿದ. ಮೊದಲ ಸಲ ಇಟ್ಟಾಗ ಕಾಲುಗಳು ಹತ್ತಿರವಾಗಿದ್ದರಿಂದ ಬಾಜಾ ಒಂದು ಕಡೆ ವಾಲಿತು. ಅವನು ಅಂಥ ದೊಡ್ಡ ದೇಹ ಇಟ್ಟುಕೊಂಡು ಎಷ್ಟು ಬೇಗ ಬಗ್ಗಿ ಹಿಡಿದನೆಂದರೆ, ನಾನು ಕೈ ಚಾಚುವ ಮೊದಲೇ ಅದು ಅವನ ತೋಳಲ್ಲಿತ್ತು. ಎರಡನೆಯ ಸಲಕ್ಕೆ ಸರಿಯಾಯಿತು. ಬಾಜಾ ಎದೆ ಮಟ್ಟದಲ್ಲಿ, ಬಾಯಿ ಮೇಲೆ ಮಾಡಿ, ನೆಟ್ಟಗೆ ನಿಂತಿತು. ಹುಸೇನಪ್ಪ ನಾಲ್ಕು ಹೆಜ್ಜೆ ಹಿಂದೆ ಸರಿದು ಬಹಳ ಹೊತ್ತು ಅದನ್ನು ನೋಡಿದ.

ಹಾಗೆ ನಮ್ಮ ಸ್ನೇಹ ಶುರುವಾಯಿತು. ಸ್ನೇಹ ಎಂದು ನಾನು ಹೇಳುತ್ತೇನೆ. ಅವನು ಕೊನೆಯವರೆಗೂ ನನಗೆ "ರಿ" ಹಚ್ಚಿಯೇ ಮಾತಾಡಿದ, ನಾನು ಕೊನೆಯವರೆಗೂ ಅವನಿಗೆ "ನೀ" ಎಂದೇ ಅಂದೆ. ಇಬ್ಬರದೂ ಒಂದೇ ವಯಸ್ಸು. ಈಗ ಇದನ್ನು ಬರೆಯುವಾಗ ಅದು ಚುಚ್ಚುತ್ತದೆ, ಆಗ ಚುಚ್ಚಿರಲಿಲ್ಲ.

ಅವನ ಅಪ್ಪ, ಅಜ್ಜ ಊರಲ್ಲಿ ಹಲಗೆ ಬಾರಿಸುವವರು. ಡಂಗುರಕ್ಕೂ ಹೆಣಕ್ಕೂ ಕರೆದಾಗ ಹೋಗಬೇಕು, ಬೇಡ ಎನ್ನುವಂತಿಲ್ಲ. ಹುಸೇನಪ್ಪ ಮೀಸೆ ಮೂಡುವ ಹೊತ್ತಿಗೆ ಊರು ಬಿಟ್ಟು ವಾಡಿಗೆ ಬಂದು, ಮಾಲುಗಾಡಿಗೆ ಕಲ್ಲು ತುಂಬುವ ಕೆಲಸ ಹಿಡಿದ. ಅಲ್ಲಿ ಅವನು ಕೂಗು ಹಾಕಿದ್ದನ್ನು ಕೇಳಿ ಶಹಾಬಾದಿನ ಬ್ಯಾಂಡಿನ ಮಸ್ತಾನ ಮಾಸ್ತರರು ಕರೆದುಕೊಂಡು ಹೋದರಂತೆ. ಮಾಸ್ತರರು ಕ್ಲಾರಿನೆಟ್ಟು ನುಡಿಸುವವರು, ತೆಳ್ಳಗಿನ ಮನುಷ್ಯ, ಸಿಟ್ಟು ಬಂದಾಗ ಉರ್ದುವಿನಲ್ಲಿ ಬೈದು ಕನ್ನಡದಲ್ಲಿ ಸಮಾಧಾನ ಮಾಡುವವರು. ಬೇಸ್ ಊದುವ ದಮ್ಮು ಇರುವವನಿಗಾಗಿ ಅವರು ಒಂದು ವರ್ಷದಿಂದ ಹುಡುಕುತ್ತಿದ್ದರು. ಕೆಂಪು ಕೋಟು, ಬಂಗಾರದ ಬಣ್ಣದ ಗುಂಡಿ ಕೊಟ್ಟರು. ಆಮೇಲೆ ಊರಿನಿಂದ ಹಲಗೆಗೆ ಕರೆ ಬಂದಾಗ ಹುಸೇನಪ್ಪ ಕೋಟು ಹಾಕಿಕೊಂಡೇ ಹೋಗಿ, ತನಗೆ ಬೇರೆ ಕೆಲಸವಿದೆ ಎಂದು ಹೇಳಿ ಬಂದನಂತೆ. ಇದನ್ನು ಹೇಳುವಾಗ ಮಾತ್ರ ಅವನು ಉಸಿರು ಎಳೆದುಕೊಳ್ಳುವುದನ್ನು ಮರೆತುಬಿಡುತ್ತಿದ್ದ.

ಸ್ಟ್ಯಾಂಡು ಸುತ್ತಲಿನ ಊರುಗಳಲ್ಲೆಲ್ಲ ಹೆಸರಾಯಿತು. ಸೇಡಂ ಕಡೆಯ ಆಡಕಿಯಲ್ಲಿ ಒಂದು ಬೇಸಿಗೆಯ ಮದುವೆ. ಊಟದ ಹೊತ್ತಿಗೆ ಅವನು ದನದ ಕೊಟ್ಟಿಗೆಯ ಪಕ್ಕ ಸ್ಟ್ಯಾಂಡು ಬಿಚ್ಚಿ ಬಾಜಾ ನಿಲ್ಲಿಸಿದ. ಮದುವೆ ಮನೆಯ ಹಿರಿಯರು ಬಂದು ಸುತ್ತು ಹಾಕಿ ನೋಡಿ, ಹಿತ್ತಾಳೆ ಇಷ್ಟು ಬಿಸಿಲಿಗೆ ಕಾದರೆ ಕೆಡುವುದಿಲ್ಲವೇ ಎಂದು ಕೇಳಿ, ಆಳಿನಿಂದ ನಾಲ್ಕು ಕೋಲು ನೆಡಿಸಿ ಮೇಲೊಂದು ಚಾದರ ಕಟ್ಟಿಸಿದರು. ಮರುದಿನ ಅಂಗಡಿಗೆ ಬಂದು ಇದನ್ನು ಹೇಳಿ ಹುಸೇನಪ್ಪ ನಕ್ಕ ನಗು ನನಗೆ ಇನ್ನೂ ಕೇಳಿಸುತ್ತದೆ. "ಬಾಜಾಕ್ಕ ನೆರಳು ಮಾಡಿ ಕೊಟ್ರು ಮಿಸ್ತ್ರಿ. ನಾವು ಬಿಸಲಾಗ ಉಂಡ್ವಿ."

ಮದುವೆಯ ದಿನಗಳು ಮುಗಿದ ಮೇಲೆ ಬ್ಯಾಂಡಿನವರಿಗೆ ಐದಾರು ತಿಂಗಳು ಕೆಲಸವಿಲ್ಲ. ಆ ದಿನಗಳಲ್ಲಿ ಹುಸೇನಪ್ಪ ಊರ ಹೊರಗಿನ ಒಂದು ಖಡಿ ಮಷೀನಿಗೆ ಹೋಗುತ್ತಿದ್ದ. ಕಲ್ಲನ್ನು ಪುಡಿ ಮಾಡಿ ರಸ್ತೆಗೆ ಹಾಕುವ ಖಡಿ ತೆಗೆಯುವ ಯಂತ್ರ ಅದು. ಅವನ ಕೆಲಸ ಅದರ ಬಾಯಿಗೆ ಕಲ್ಲು ಸುರಿಯುವುದು. ಸಂಜೆ ಮನೆಗೆ ಹೋಗುವಾಗ ಅಂಗಡಿಯ ಮುಂದೆ ಹಾದು ಹೋದರೆ ಹುಬ್ಬು, ರೆಪ್ಪೆ, ಕಿವಿಯ ಕೂದಲು ಎಲ್ಲ ಬೆಳ್ಳಗೆ. ನಾನು ನಗುತ್ತ, ಏನಪ್ಪಾ ಅಜ್ಜ ಆಗಿಬಿಟ್ಟೆಯಲ್ಲ ಎನ್ನುತ್ತಿದ್ದೆ. ಅವನ ಹೆಂಡತಿ ನಾಗಮ್ಮ ದುಪ್ಪಟಿಯ ತುಂಡೊಂದನ್ನು ಮೂಗಿಗೆ ಕಟ್ಟಿಕೊಳ್ಳಲು ಕೊಟ್ಟಿದ್ದಳು. ಅದನ್ನು ಕಟ್ಟಿಕೊಂಡರೆ ಉಸಿರು ಸಾಲುವುದಿಲ್ಲ ಎಂದು ಅವನು ತಲೆಗೆ ಸುತ್ತಿಕೊಳ್ಳುತ್ತಿದ್ದ. ಉಳಿದವರಿಗಿಂತ ಹೆಚ್ಚು ಉಸಿರು ಎಳೆಯುವ ಎದೆ ಅದು, ಉಳಿದವರಿಗಿಂತ ಹೆಚ್ಚು ಧೂಳನ್ನೂ ಎಳೆದುಕೊಂಡಿತು.

ಕೆಮ್ಮು ಯಾವಾಗ ಶುರುವಾಯಿತು ಎಂದು ಹೇಳಲಾರೆ. ಮೊದಲು ಖಡಿ ಮಷೀನಿನ ತಿಂಗಳುಗಳಲ್ಲಿ ಮಾತ್ರ ಇತ್ತು, ಆಮೇಲೆ ಮದುವೆಯ ತಿಂಗಳುಗಳಲ್ಲೂ ಉಳಿಯಿತು. ದವಾಖಾನೆಯಲ್ಲಿ ಕ್ಷಯ ಎಂದು ಹೇಳಿ ಒಂದೂವರೆ ವರ್ಷ ಗುಳಿಗೆ ಕೊಟ್ಟರು. ಒಂದೂ ತಪ್ಪಿಸದೆ ನುಂಗಿದ. ಗುಣವಾಗಲಿಲ್ಲ. ಕಡೆಗೆ ನಾನೇ ಅವನ ಜೊತೆ ಗುಲಬರ್ಗಾಕ್ಕೆ ಹೋದೆ. ಅಲ್ಲಿನ ಡಾಕ್ಟರರು ಎದೆಯ ಫೋಟೋ ತೆಗೆಸಿ, ಬೆಳಕಿಗೆ ಹಿಡಿದು, ಮೊದಲು ಅವನ ಕೆಲಸ ಏನೆಂದು ಕೇಳಿದರು. ಅವನು ಬೇಸ್ ಎಂದ. ಡಾಕ್ಟರರಿಗೆ ತಿಳಿಯಲಿಲ್ಲ. ನಾನು ಖಡಿ ಮಷೀನು ಎಂದೆ, ತಿಳಿಯಿತು. ಅವನನ್ನು ಹೊರಗೆ ಕೂರಿಸಿ ನನಗೆ ಹೇಳಿದರು. ಕಲ್ಲಿನ ಧೂಳು ಒಳಗೆ ಕುಳಿತಿದೆ, ಅದು ಹೊರಗೆ ಬರುವಂಥದ್ದಲ್ಲ. ಇದಕ್ಕೆ ಔಷಧವಿಲ್ಲ, ದಿನದಿಂದ ದಿನಕ್ಕೆ ಉಸಿರು ಕಡಿಮೆಯಾಗುತ್ತ ಹೋಗುತ್ತದೆ. ಆ ಕೆಲಸ ಬಿಡಬೇಕು, ಭಾರ ಎತ್ತಬಾರದು. ಊದುವ ಬಗ್ಗೆ ನಾನು ಕೇಳಲಿಲ್ಲ. ಕೇಳಿದರೆ ಬೇಡ ಎನ್ನುತ್ತಾರೆಂದು ಗೊತ್ತಿತ್ತು.

ಹೊರಗೆ ಬಂದಾಗ ಅವನು ಏನೆಂದರು ಎಂದು ಕೇಳಿದ. ಭಾರ ಎತ್ತಬಾರದಂತೆ ಎಂದೆ. ಅಷ್ಟನ್ನೇ ಹೇಳಿದೆ. ರೈಲಿನಲ್ಲಿ ಶಹಾಬಾದು ಬರುವವರೆಗೆ ಅವನು ಅದನ್ನೇ ಯೋಚಿಸಿದನೆಂದು ಕಾಣುತ್ತದೆ. ಇಳಿಯುವಾಗ ಅವನ ಮುಖದಲ್ಲಿ ಒಂದು ಬಗೆಯ ಗೆಲುವಿತ್ತು. ಭಾರವನ್ನು ಸ್ಟ್ಯಾಂಡೇ ಹೊತ್ತರೆ ಆಯಿತಲ್ಲ, ತಾನು ಕೂತು ಬಾಯಿ ಹಚ್ಚಿದರೆ ಸಾಕಲ್ಲ ಎಂದ. ಹಳೆಯದು ಬಾಜಾವನ್ನು ಇಡುವುದಕ್ಕೆ ಮಾಡಿದ್ದು. ಈಗ ಊದುವಾಗಲೇ ಹಿಡಿದು ನಿಲ್ಲುವಂಥದ್ದು ಬೇಕು.

ನಾನು ಆ ಎರಡನೆಯ ಸ್ಟ್ಯಾಂಡಿನ ಮೇಲೆ ಇಟ್ಟಷ್ಟು ಮನಸ್ಸನ್ನು ಬೇರೆ ಯಾವ ಕೆಲಸದ ಮೇಲೂ ಇಟ್ಟಿಲ್ಲ. ಅವನನ್ನು ಟ್ರಂಕಿನ ಮೇಲೆ ಕೂರಿಸಿ, ನೆಲದಿಂದ ತುಟಿಯವರೆಗೆ ಅಳತೆ ತೆಗೆದುಕೊಂಡೆ. ಹಳೆಯದರ ಮೂರು ಕಾಲನ್ನೂ ಅವನು ಟ್ಯೂಬು ಸುತ್ತಿದ ತೊಟ್ಟಿಲನ್ನೂ ಬಿಚ್ಚಿ ಇದಕ್ಕೇ ಹಾಕಿದೆ. ನಡುವೆ ಒಂದು ದಂಡ, ಅದನ್ನು ಏರಿಸಿ ಇಳಿಸಲು ತಿರುಪು. ಮೇಲಿನ ತೊಟ್ಟಿಲು ಸ್ವಲ್ಪ ಮುಂದಕ್ಕೆ ಬಾಗಿ, ಬಾಜಾದ ಊದುವ ತುದಿಯನ್ನು ಸರಿಯಾಗಿ ಅವನ ಬಾಯಿಗೆ ತಂದು ಕೊಡುವ ಹಾಗೆ. ಅವನು ಕೈ ಬಿಟ್ಟರೂ ಬಾಜಾ ಅಲ್ಲಾಡುತ್ತಿರಲಿಲ್ಲ. ಸ್ವರ ಬದಲಿಸುವ ಮೂರು ಗುಂಡಿಗಳ ಮೇಲೆ ಬೆರಳು ಆಡಿಸಲು ಮಾತ್ರ ಕೈ ಬೇಕಿತ್ತು. ಮಡಚಿದರೆ ಇಡೀ ಸ್ಟ್ಯಾಂಡು ಒಂದು ಛತ್ರಿಯಷ್ಟು ಉದ್ದ. ಅಂಗಡಿಯಲ್ಲೇ ಕೂತು ನಾಲ್ಕು ಸ್ವರ ಊದಿದ. ತಗಡುಗಳೆಲ್ಲ ಜುಮ್ಮೆಂದವು. ಆ ಮಧ್ಯಾಹ್ನ ನನಗೂ, ಡಾಕ್ಟರರು ಹೇಳಿದ್ದನ್ನು ಸ್ವತಃ ಕೇಳಿದ ನನಗೂ, ಏನೋ ಗೆದ್ದೆವು ಎಂದೆನಿಸಿತು.

ಮಸ್ತಾನ ಮಾಸ್ತರರು ಒಪ್ಪಿದರು. ಮೆರವಣಿಗೆಯಲ್ಲಿ ಬೇಸ್ ಇಲ್ಲದೇ ನಡೆಯಲಿ, ಅಕ್ಷತೆಯ ಹೊತ್ತಿಗೆ ಮಂಟಪದ ಪಕ್ಕ ಕೂತು ಊದಲಿ ಎಂದರು. ಮೊದಲ ಮದುವೆ ನಾಲವಾರದಲ್ಲಿ. ನಾನು ಅಂಗಡಿ ಮುಚ್ಚಿ ಜೊತೆಗೆ ಹೋದೆ, ಸ್ಟ್ಯಾಂಡು ಹೇಗೆ ನಿಲ್ಲುತ್ತದೋ ನೋಡಬೇಕೆಂದು. ಬೆಳಗಿನ ಗಾಡಿಗೆ ಇಳಿದೆವು. ಬಾಜಾವನ್ನು ಡ್ರಮ್ಮಿನವನು ಹೊತ್ತ. ಸ್ಟೇಷನ್ನಿನಿಂದ ಮದುವೆ ಮನೆ ಅಷ್ಟೇನೂ ದೂರವಿರಲಿಲ್ಲ, ಆದರೆ ಹುಸೇನಪ್ಪ ಮೂರು ಕಡೆ ನಿಂತ. ನಿಂತಾಗಲೆಲ್ಲ ಊರನ್ನು ನೋಡುವವನಂತೆ ಆ ಕಡೆ ಈ ಕಡೆ ನೋಡುತ್ತಿದ್ದ.

ಮೊದಲ ಹಾಡು ಚೆನ್ನಾಗಿಯೇ ಬಂತು. ಎರಡನೆಯದರ ನಡುವೆ ಬೇಸ್ ಒಂದು ಹೆಜ್ಜೆ ತಪ್ಪಿತು, ಮತ್ತೆ ಸೇರಿಕೊಂಡಿತು, ಮತ್ತೆ ತಪ್ಪಿತು. ಮಾಸ್ತರರ ಹುಬ್ಬು ಮೇಲೆ ಹೋದದ್ದನ್ನು ನೋಡಿದೆ. ಮೂರನೆಯ ಹಾಡಿಗೆ ಎಲ್ಲ ಸರಿಹೋದಂತೆ ಅವನು ನೆಟ್ಟಗೆ ಕೂತು, ತುಟಿ ಹಚ್ಚಿ, ಬೆರಳು ಆಡಿಸತೊಡಗಿದ. ಬೆರಳು ಎಲ್ಲಿ ಏಳಬೇಕೋ ಅಲ್ಲಿ ಏಳುತ್ತಿತ್ತು, ಎಲ್ಲಿ ಕೂರಬೇಕೋ ಅಲ್ಲಿ ಕೂರುತ್ತಿತ್ತು. ನನಗೆ ಸಮಾಧಾನವಾಯಿತು. ಸ್ವಲ್ಪ ಹೊತ್ತಿನ ಮೇಲೆ ಅವನ ಕೆನ್ನೆಯ ಕಡೆ ನೋಡಿದೆ. ಕೆನ್ನೆ ಉಬ್ಬಿರಲಿಲ್ಲ. ಕಿವಿಗೊಟ್ಟು ಕೇಳಿದೆ. ಡ್ರಮ್ಮು ಕೇಳುತ್ತಿತ್ತು, ಕ್ಲಾರಿನೆಟ್ಟು, ಟ್ರಂಪೆಟ್ಟು ಕೇಳುತ್ತಿದ್ದವು. ಬೇಸ್ ಇರಲಿಲ್ಲ. ಅವನು ಊದುತ್ತಲೇ ಇರಲಿಲ್ಲ. ಬಾಜಾವನ್ನು ಕೈಯಲ್ಲಿ ಹಿಡಿದವನಾಗಿದ್ದರೆ ತೋಳು ಸೋತು ಕೆಳಗಿಡಬೇಕಾಗುತ್ತಿತ್ತು, ಎಲ್ಲರಿಗೂ ಗೊತ್ತಾಗುತ್ತಿತ್ತು. ನಾನು ಮಾಡಿದ ಸ್ಟ್ಯಾಂಡು ಅದನ್ನು ಅವನ ಬಾಯಿಗೆ ಅಷ್ಟು ಚಂದ ಹಿಡಿದು ನಿಂತಿತ್ತು.

ನಾಲ್ಕನೆಯ ಹಾಡೂ ಹಾಗೇ ಮುಗಿಯಿತು, ಅಕ್ಷತೆ ಬಿತ್ತು. ಮಂದಿ ಊಟಕ್ಕೆ ಎದ್ದರು. ಗಂಡಿನ ಕಡೆಯ ಯಾರೋ ಒಬ್ಬರು ಹತ್ತಿರ ಬಂದು, ಭಾಳ ಚಂದ ಬಾರಿಸಿದಿರಿ ಎಂದು ಅವನ ಬೆನ್ನು ತಟ್ಟಿ ಹೋದರು.

ವಾಪಸು ಬರುವಾಗ ಗಾಡಿಯಲ್ಲಿ ಅವನು ಕಿಟಕಿಯ ಪಕ್ಕ ಕೂತಿದ್ದ. ವಾಡಿ ದಾಟುವವರೆಗೆ ಹೊರಗೇ ನೋಡುತ್ತಿದ್ದ. ದಮ್ಮು ಸಾಲದ್ದಕ್ಕೆ ದುಃಖಪಡುತ್ತಿದ್ದಾನೆಂದು ತಿಳಿದು ನಾನು ಏನೇನೋ ಹೇಳಿದೆ. ಗಾಡಿಯಲ್ಲಿ ಬಂದ ಸುಸ್ತು, ಮುಂದಿನ ಸಲ ಸರಿಹೋಗುತ್ತದೆ, ಹೀಗೆ. ಅವನು ನನ್ನ ಕಡೆ ತಿರುಗಿದ.

"ಒಬ್ಬರಿಗೂ ಗೊತ್ತಾಗಲಿಲ್ಲ ಮಿಸ್ತ್ರಿ," ಎಂದ. "ಎರಡು ಹಾಡು ಪೂರಾ ನಾ ಊದಿಲ್ಲ. ಒಬ್ಬರೂ ತಿರುಗಿ ನೋಡಲಿಲ್ಲ."



ಆ ವರ್ಷವೆಲ್ಲ ಅವನು ಹಾಗೇ ಹೋಗಿ ಕೂತು ಬಂದ. ಮೊದಲ ಹಾಡಿನಲ್ಲಿ ಒಂದಿಷ್ಟು ಊದುವುದು, ಆಮೇಲೆ ಬೆರಳು ಆಡಿಸುವುದು. ಮಾಸ್ತರರಿಗೆ ಮೊದಲ ದಿನವೇ ಗೊತ್ತಾಗಿತ್ತು. ಅವರು ಏನೂ ಅನ್ನಲಿಲ್ಲ. ಬೇರೆ ಬ್ಯಾಂಡಿನವರು ಮಾತ್ರ ಆಡಿಕೊಳ್ಳತೊಡಗಿದರು, ಶಹಾಬಾದಿನ ಬ್ಯಾಂಡಿನಲ್ಲಿ ಬೇಸ್ ನೋಡಲಿಕ್ಕಿದೆ, ಕೇಳಲಿಕ್ಕಿಲ್ಲ ಎಂದು. ಕರೆಯುವ ಮನೆಗಳೂ ಕಡಿಮೆಯಾಗುತ್ತಿದ್ದವು. ಧ್ವನಿವರ್ಧಕ ಇಟ್ಟು ರಿಕಾರ್ಡು ಹಾಕುವುದು ಆಗಲೇ ಶುರುವಾಗಿತ್ತು. ಕಡೆಗೊಂದು ದಿನ ಮುಂಜಾನೆ ಮಾಸ್ತರರು ವಾಡಿಯ ಒಬ್ಬ ಹೊಸ ಬೇಸ್ ಊದುವವನನ್ನು ಜೊತೆಗೆ ಕರೆದುಕೊಂಡು ಹುಸೇನಪ್ಪನ ಮನೆಗೆ ಬಂದರು. ಬಾಜಾ ಬ್ಯಾಂಡಿನದು, ಅವನದಲ್ಲ. ನನ್ನನ್ನೂ ಕರೆಸಿದ್ದರು. ತಮ್ಮೊಬ್ಬರಿಂದಲೇ ಈ ಮಾತು ಆಡಲಾಗದು ಎಂದು ನನಗೆ ದಾರಿಯಲ್ಲೇ ಹೇಳಿದ್ದರು.

ಅವರು ಮಾತು ಆಡುವ ಅಗತ್ಯವೇ ಬೀಳಲಿಲ್ಲ. ಹೊಸಬನನ್ನು ಬಾಗಿಲಲ್ಲಿ ಕಂಡ ಕೂಡಲೇ ಹುಸೇನಪ್ಪನಿಗೆ ತಿಳಿಯಿತು. ನಾಗಮ್ಮನಿಗೆ ಹುಣಸೆಹಣ್ಣು, ಬೂದಿ ತರಲು ಹೇಳಿ, ನಮ್ಮೆಲ್ಲರನ್ನೂ ಕೂರಿಸಿಕೊಂಡು, ಬಾಜಾವನ್ನು ತೊಡೆಯ ಮೇಲೆ ಇಟ್ಟುಕೊಂಡು ಉಜ್ಜಲು ಕೂತ. ಒಂದು ಗಳಿಗೆಯ ಕೆಲಸ ಅವನಿಗೆ ಅರ್ಧ ದಿನ ಹಿಡಿಯಿತು. ನಡುನಡುವೆ ಕೈ ನಿಲ್ಲಿಸಿ ಉಸಿರಿಗೆ ಕಾಯುತ್ತಿದ್ದ. ಮಾಸ್ತರರು ಗೋಡೆಯ ಮೇಲಿನ ಬುದ್ಧನ ಫೋಟೋ ನೋಡುತ್ತ ಕೂತಿದ್ದರು. ಒಂದು ಸಲ ನಾನು ಉಜ್ಜುತ್ತೇನೆ ಎಂದು ಕೈ ಚಾಚಿದರು. ಅವನು ಕೊಡಲಿಲ್ಲ. ಉಜ್ಜಿ ಮುಗಿಸಿ ಹೊಸಬನ ಕೈಗೆ ಕೊಡುವಾಗ, ನಡುವಿನ ಗುಂಡಿ ಚಳಿಗೆ ಹಿಡಿಯುತ್ತದೆ, ಜರಾ ಎಣ್ಣೆ ಬಿಡು ಎಂದಷ್ಟೇ ಹೇಳಿದ. ಸ್ಟ್ಯಾಂಡನ್ನೂ ಮುಂದೆ ಇಟ್ಟ. ಹೊಸಬ ಗಟ್ಟಿಮುಟ್ಟಾದ ಆಳು. ಅದು ತನಗೆ ಬೇಡ, ತಾನು ನಿಂತೇ ಊದುವವನು ಎಂದ. ಅವನ ಮಾತಿನಲ್ಲಿ ಕೆಟ್ಟದ್ದೇನೂ ಇರಲಿಲ್ಲ.

ಅದಾಗಿ ಒಂದೆರಡು ತಿಂಗಳಿಗೆ ಹುಸೇನಪ್ಪ ಆ ಸ್ಟ್ಯಾಂಡನ್ನು ಹಿಡಿದುಕೊಂಡು ಅಂಗಡಿಗೆ ಬಂದ. ಅಷ್ಟರಲ್ಲಿ ಅವನ ಕೋಟೆಯಂಥ ದೇಹ ಗೂಟಕ್ಕೆ ಹಾಕಿದ ಅಂಗಿಯಂತಾಗಿತ್ತು. ನನ್ನ ಕೆಲಸದ ಗದ್ದಲದಲ್ಲಿ ಅವನು ಬಂದದ್ದು ಕೇಳಿಸಲಿಲ್ಲ, ಯಾರೋ ಪಕ್ಕದಲ್ಲಿ ಸಿಳ್ಳೆ ಹಾಕಿದಂತಾಗಿ ತಿರುಗಿ ನೋಡಿದೆ. ಅದು ಅವನ ಉಸಿರಿನ ದನಿ. ಹೊಸದೊಂದು ವಿಚಾರ ತಂದಿದ್ದ. ಮಾಸ್ತರರ ಬಳಿ ಹಳೆಯ ಸಣ್ಣ ಬಾಜಾ ಒಂದಿದೆ, ಬೇಸಿನ ಅರ್ಧದಷ್ಟು, ಅದಕ್ಕೆ ಅಷ್ಟು ದಮ್ಮು ಬೇಡ. ಯಾರೂ ಊದುತ್ತಿಲ್ಲ, ಮೂಲೆಯಲ್ಲಿದೆ. ಈ ಸ್ಟ್ಯಾಂಡಿನ ಪೈಪನ್ನೇ ಕೊಯ್ದು ಅದಕ್ಕೊಂದು ಸಣ್ಣದು ಮಾಡಿ ಕೊಡಬೇಕು. ಮಾಸ್ತರರು ಕೊಡುತ್ತೇನೆ ಅಂದಿದ್ದಾರೆಯೇ ಎಂದು ಕೇಳಿದೆ. ಸ್ಟ್ಯಾಂಡು ಆದ ಮೇಲೆ ಕೇಳುತ್ತೇನೆ ಎಂದ.

ನಾನು ಅಳತೆ ತೆಗೆದುಕೊಂಡೆ. ಬಾಜಾ ಇರಲಿಲ್ಲ, ಗಾಳಿಯಲ್ಲಿ ಎರಡು ಕೈ ಹಿಡಿದು ಇಷ್ಟು ಅಗಲ, ಇಷ್ಟು ಎತ್ತರ ಎಂದು ಅವನು ತೋರಿಸಿದ. ಬರೆದುಕೊಂಡೆ. ಅವನು ಸ್ಟ್ಯಾಂಡನ್ನು ಅಂಗಡಿಯ ಹಿಂದಿನ ಮೂಲೆಯಲ್ಲಿ, ವೆಲ್ಡಿಂಗಿನ ಕಾರ್ಬೈಡ್ ಡ್ರಮ್ಮಿನ ಪಕ್ಕ ಒರಗಿಸಿಟ್ಟು ಹೋದ.

ಕೊಯ್ಯಲಿಲ್ಲ. ಯಾಕೆ ಎಂದು ನನ್ನನ್ನು ನಾನು ಎಷ್ಟೋ ಸಲ ಕೇಳಿಕೊಂಡಿದ್ದೇನೆ. ಸೇಡಮಿನ ಒಂದು ದೊಡ್ಡ ಗೇಟಿನ ಕೆಲಸ ಬಂದಿತ್ತು, ಅದು ಒಂದು. ನನ್ನ ಕೈಯಿಂದ ಆದ ಎಲ್ಲಕ್ಕಿಂತ ಒಳ್ಳೆಯ ಕೆಲಸವನ್ನು ಕೊಯ್ಯಲು ಮನಸ್ಸು ಬರಲಿಲ್ಲ, ಅದು ಇನ್ನೊಂದು. ಆದರೆ ಖರೇ ಕಾರಣ ಬೇರೆ. ಅದರ ಮೇಲೆ ಯಾವ ಬಾಜಾವೂ ಕೂರುವುದಿಲ್ಲ, ಕೂತರೂ ಅದನ್ನು ಊದುವ ಉಸಿರು ಇಲ್ಲ ಎಂಬುದು ನನಗೆ ಗೊತ್ತಿತ್ತು. ನನ್ನ ಮಟ್ಟಿಗೆ ಅವನು ಆಗಲೇ ಮುಗಿದುಹೋಗಿದ್ದ. ಬದುಕಿದ್ದವನ ಕೆಲಸವನ್ನು ನಾನು ಸತ್ತವನ ಕೆಲಸದಂತೆ ಮೂಲೆಗೆ ಬಿಟ್ಟೆ.

ನಾಗಮ್ಮ ವಾರಕ್ಕೊಮ್ಮೆ ಬರುತ್ತಿದ್ದಳು. ಎಲ್ಲಿಗೆ ಬಂತು ಎಂದು ಅವರು ಕೇಳಿ ಕಳಿಸಿದ್ದಾರೆ ಎನ್ನುತ್ತಿದ್ದಳು. ಮಾಡಾಕತ್ತೀನಿ ಅಂತ ಹೇಳು ಎನ್ನುತ್ತಿದ್ದೆ. ಅವಳು ಅಷ್ಟಕ್ಕೇ ತಲೆ ಆಡಿಸಿ ಹೋಗುತ್ತಿದ್ದಳು. ಆ ಒಂದು ಮಾತು ತೆಗೆದುಕೊಂಡು ಹೋದರೆ ಅವನು ಅವತ್ತು ಎರಡು ತುತ್ತು ಹೆಚ್ಚು ಉಣ್ಣುತ್ತಾನೆ ಎಂದು ಒಮ್ಮೆ ಹೇಳಿದಳು. ಅದಾದ ಮೇಲಾದರೂ ನಾನು ಗರಗಸ ಹಿಡಿಯಬೇಕಿತ್ತು. ಅರ್ಧ ದಿನದ ಕೆಲಸ ಅದು.

ಒಂದು ಮಧ್ಯಾಹ್ನ ಅವನೇ ಬಂದ. ಮನೆಯಿಂದ ಅಂಗಡಿಗೆ ಹತ್ತು ನಿಮಿಷದ ದಾರಿ. ಎಷ್ಟು ಹೊತ್ತಿಗೆ ಹೊರಟಿದ್ದನೋ ಕಾಣೆ. ಬಂದು ಬಾಗಿಲ ಚೌಕಟ್ಟು ಹಿಡಿದು ಬಹಳ ಹೊತ್ತು ನಿಂತ. ಸ್ಟೂಲು ಕೊಟ್ಟೆ. ಕೂತ ಮೇಲೆ ಅವನ ಕಣ್ಣು ಸುಮ್ಮನೆ ಅಂಗಡಿಯ ತುಂಬ ಆಡಿತು. ಗೇಟಿನ ಚೌಕಟ್ಟು, ಸರಳಿನ ಕಟ್ಟು, ಮೇಜು, ಹಿಂದಿನ ಮೂಲೆ. ಮೂಲೆಯಲ್ಲಿ ಸ್ಟ್ಯಾಂಡು ಅವನು ಒರಗಿಸಿಟ್ಟ ಹಾಗೆಯೇ ಇತ್ತು. ಅವನ ಕಣ್ಣು ಅಲ್ಲಿಗೆ ಹೋಗಿ ನಿಂತದ್ದನ್ನು ನಾನು ನೋಡಿದೆ. ನಾನು ನೋಡಿದ್ದನ್ನು ಅವನೂ ನೋಡಿದ.

ಏನಾದರೂ ಹೇಳಬೇಕೆಂದು ಬಾಯಿ ತೆರೆದೆ. ಅವನು ಕೈ ಎತ್ತಿ ತಡೆದ. ಉಸಿರು ಸೇರಿಸಿಕೊಳ್ಳಲು ಅವನಿಗೆ ಸ್ವಲ್ಪ ಹೊತ್ತು ಬೇಕಾಯಿತು.

"ಕೆಲಸ ಭಾಳ ಅದ ನಿಮಗ," ಎಂದ. ಮತ್ತೆ ನಿಂತು, "ಇರ್ಲಿ. ಸಾವಕಾಶ ಮಾಡ್ರಿ."

ಚಹಾ ತರಿಸಿದೆ. ಅರ್ಧ ಕುಡಿದ. ಐನಾಪುರಕ್ಕೆ ಕೊಟ್ಟ ಮಗಳು ಬಸಿರಂತೆ, ಆ ಸುದ್ದಿ ಹೇಳಿದ. ಹೋಗುವಾಗ ನಾನು ಜೊತೆಗೆ ಬರುತ್ತೇನೆ ಎಂದೆ, ಬೇಡ ಎಂದ. ಗೋಡೆ ಹಿಡಿದು, ಕಂಬ ಹಿಡಿದು, ನಿಂತು ನಿಂತು ಹೋದ. ನಾನು ಅವನನ್ನು ಜೀವಂತ ನೋಡಿದ್ದು ಅದೇ ಕೊನೆ. ಹತ್ತು ದಿನಕ್ಕೆ ತೀರಿಕೊಂಡ. ಮಣ್ಣಿಗೆ ಮಾಸ್ತರರೂ ಬ್ಯಾಂಡಿನವರೂ ಬಂದಿದ್ದರು, ಬಾಜಾ ತಂದಿರಲಿಲ್ಲ. ಸಾವಿಗೆ ಬಾರಿಸುವ ಕೆಲಸವನ್ನು ಬಿಟ್ಟು ಬಂದವನ ಮುಂದೆ ಏನು ಬಾರಿಸುವುದು ಎಂದು ಮಾಸ್ತರರು ನನ್ನ ಕಿವಿಯಲ್ಲಿ ಹೇಳಿದರು.

ಸಾವಿನ ದಿನಗಳೆಲ್ಲ ಕಳೆದ ಮೇಲೆ ನಾಗಮ್ಮ ಅಂಗಡಿಗೆ ಬಂದಳು. ಕೂರು ಎಂದರೆ ಕೂರಲಿಲ್ಲ.

"ಅವತ್ತು ಇಲ್ಲಿಂದ ಬಂದು ಅರ್ಧ ಆಗ್ಯದ ಅಂದ್ರು, ಅಣ್ಣಾ," ಎಂದಳು. "ಮಿಸ್ತ್ರಿ ಭಾಳ ಚಂದ ಮಾಡಲಿಕತ್ತಾರ, ಕಾಲು ಆಗ್ಯಾವ, ಮ್ಯಾಲಿಂದು ಅಷ್ಟೇ ಉಳದದ ಅಂದ್ರು. ಹೋಗೋ ತನಕ ಅದೇ ಮಾತು. ಅರ್ಧ ಇದ್ರ ಅರ್ಧೇ ಕೊಡ್ರಿ. ಅವರದು ಅನ್ನೋದು ಮನ್ಯಾಗ ಏನೂ ಇಲ್ಲ."

ನಾನು ಹಿಂದಿನ ಮೂಲೆಗೆ ಹೋದೆ. ಹೋಗಿ ನಿಂತುಕೊಂಡೆ. ಅಲ್ಲಿ ಸೇಡಮಿನ ಗೇಟಿನಿಂದ ಉಳಿದ ಪೈಪಿನ ತುಂಡುಗಳು ಬಿದ್ದಿದ್ದವು. ಮೂರು ತುಂಡು ಎತ್ತಿ ತಂದು ಇದೇ ನೋಡು ಎಂದಿದ್ದರೆ ಅವಳಿಗೆ ಗೊತ್ತಾಗುತ್ತಿರಲಿಲ್ಲ. ಅವನು ನನಗಾಗಿ ಹೇಳಿದ ಸುಳ್ಳನ್ನು ಮುಂದುವರಿಸುವುದು ಅಷ್ಟು ಸುಲಭವಿತ್ತು. ಆದರೆ ಕೈ ಬರಲಿಲ್ಲ. ಸ್ಟ್ಯಾಂಡಿನ ಮೇಲಿನ ಧೂಳು ಒರೆಸಿ ಅದನ್ನೇ ತಂದು ಅವಳ ಮುಂದೆ ಇಟ್ಟೆ.

ಅವಳು ಬಗ್ಗಿ ಅದರ ಕಾಲು ಬಿಚ್ಚಿದಳು. ಬಿಚ್ಚುವುದು ಅವಳಿಗೆ ಗೊತ್ತಿತ್ತು. ಮೂರೂ ಕಾಲು, ದಂಡ, ತಿರುಪು, ಮೇಲೆ ಅವನು ಟ್ಯೂಬು ಸುತ್ತಿದ ತೊಟ್ಟಿಲು, ಎಲ್ಲದರ ಮೇಲೂ ಒಂದೊಂದು ಸಲ ಕೈ ಆಡಿಸಿದಳು.

"ಇದು ಹಳೇದೇ ಅದ," ಎಂದಳು.

"ಹೌದು."

"ಕೊಯ್ದೇ ಇಲ್ಲ."

"ಇಲ್ಲವ್ವ. ಕೊಯ್ದಿಲ್ಲ."

ರಸ್ತೆಯಲ್ಲಿ ಕಲ್ಲಿನ ಲಾರಿಯೊಂದು ಹೋಯಿತು.

"ಅವರು ಇದನ್ನ ನೋಡಿದ್ರೇನ್ರಿ?"

"ನೋಡಿದ್ದ," ಎಂದೆ.

ಬಯ್ಯುತ್ತಾಳೆ ಎಂದುಕೊಂಡೆ. ಅಳುತ್ತಾಳೆ ಎಂದುಕೊಂಡೆ. ಅವಳು ಎರಡೂ ಮಾಡದೆ ಸ್ಟ್ಯಾಂಡನ್ನು ಮಡಚತೊಡಗಿದಳು. ಎರಡು ಕಾಲು ಮಡಚಿದವು. ಮೂರನೆಯದರ ಪಿನ್ನು ಅಷ್ಟು ದಿನ ಮೂಲೆಯಲ್ಲಿದ್ದು ತುಕ್ಕು ಹಿಡಿದಿತ್ತು, ಬಿಚ್ಚುವಾಗ ಬಿಚ್ಚಿಕೊಂಡದ್ದು ಈಗ ಸರಿಯಲಿಲ್ಲ. ಎಣ್ಣೆ ಡಬ್ಬಿ ತರುತ್ತೇನೆ, ಒಂದು ನಿಮಿಷದ ಕೆಲಸ ಎಂದೆ. ಬ್ಯಾಡ್ರಿ ಎಂದಳು. ಆ ಒಂದು ಕಾಲು ಹೊರಕ್ಕೆ ಚಾಚಿಕೊಂಡಿದ್ದ ಹಾಗೆಯೇ ಅದನ್ನು ಎತ್ತಿ ಹೆಗಲ ಮೇಲಿಟ್ಟುಕೊಂಡು, ಯಾರಿಗೂ ತಗಲದಂತೆ ಕೈಯಿಂದ ಹಿಡಿದು, ರಸ್ತೆ ದಾಟಿ ಹೋದಳು.